ಜಾಗದ ಮಾವ

ದಾವಣಗೆರೆಯ ಯಾವ ಬಳಗವನ್ನೇ ತೆಗೆದುಕೊಳ್ಳಿ, ಅಲ್ಲೊಬ್ಬರು ಜಾಗದ ಮಾವ ಇದ್ದೇ ಇರುತ್ತಾರೆ. ಬಾಡಿಗೆ ಟಿ.ಟಿ. ಮಾಡಿಕೊಂಡು ಮಲೆನಾಡಿಗೆ ಹೊರಟಾಗ ಗಾಡಿ ಎಲ್ಲಿ ನಿಲ್ಲಬೇಕು, ಒಲೆ ಎಲ್ಲಿ ಹಚ್ಚಬೇಕು, ಜಮಖಾನ ಯಾವ ಮರದ ಕೆಳಗೆ ಹಾಸಬೇಕು ಎಂದು ತೀರ್ಮಾನಿಸುವ ಅಧಿಕಾರ ಅವರದು. ಅದನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತವರಿಗೆ ಅದು ತಾನಾಗಿಯೇ ಬರುತ್ತದೆ. ಆ ಸೀಟಿಗೆ ಅವರು ಎಲ್ಲರಿಗಿಂತ ಮೊದಲು ಬಂದು ಟವೆಲ್ ಹಾಕಿರುತ್ತಾರೆ.

ನಮ್ಮ ಜಾಗದ ಮಾವ ಮಂಡಿಪೇಟೆಯ ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಈ ಉದ್ಯೋಗಕ್ಕೆ ಪೂರ್ತಿ ಇಳಿದವರು. ಗಾಡಿಯೊಳಗೇ ಮಂಚ, ಒಲೆ, ಸಿಂಕು ಇರುವ ಕ್ಯಾಂಪರ್ ವ್ಯಾನನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದರೆ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ಟಿ.ಟಿ.ಯಾಗೂ ಇವೆಲ್ಲ ಅದಾವಲ್ಲೋ, ಬಿಚ್ಚಿ ಹಿಂದ ಇಟ್ಟಿರ್ತೀವಿ ಅಷ್ಟೆ" ಎಂದರು. ಸುಳ್ಳಲ್ಲ. ಚಿಕ್ಕ ಸಿಲಿಂಡರ್, 20 ಲೀಟರಿನ ನೀರಿನ ಕ್ಯಾನುಗಳು, ಕಂಬಳಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೊನೆಗೆ ನರ್ಗೀಸ್ ಮಂಡಕ್ಕಿಯ ದೊಡ್ಡ ಚೀಲ. ಆ ಚೀಲ ರಾತ್ರಿ ದಿಂಬು, ಬೆಳಿಗ್ಗೆ ತಿಂಡಿ. ಮೂರನೆಯ ದಿನದ ಮಂಡಕ್ಕಿಗೆ ಯಾರ ತಲೆಯ ಭಾರ ಬಿದ್ದಿದೆ ಎಂದು ನಾವು ಕೇಳುವುದಿಲ್ಲ.

ಹೊರಟು 14 ಕಿ.ಮೀ. ಆಗುವುದರೊಳಗೆ ಮೊದಲ ನಿಲುಗಡೆ. ಹರಿಹರದಲ್ಲಿ ಬೀಗರು ಹತ್ತಬೇಕು. ಅಷ್ಟರಲ್ಲಿ ಎಲ್ಲರೂ ಹರಿಹರೇಶ್ವರನಿಗೆ ಕೈಮುಗಿದು ಬರೋಣವೆಂದು ಇಳಿಯುತ್ತೇವೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಅರ್ಧ ಹರಿ ಅರ್ಧ ಹರನಾಗಿ ನಿಂತ ದೇವರು. ನಾವೆಲ್ಲ ಕಂಬಗಳ ನುಣುಪಿಗೆ ಮರುಳಾಗಿ ನಿಂತರೆ ಮಾವ ಪೋಲಾಳ್ವನನ್ನು ಮೆಚ್ಚುವ ಕಾರಣವೇ ಬೇರೆ. "ಜಾಗ ಹೆಂಗ ಹಿಡಿದಾನ ನೋಡ್ರಿ. ಹೊಳಿ ಹತ್ರಾನೂ ಆಗಬೇಕು, ಹೊಳಿ ಒಳಗ ಬರಬಾರದು."

ಬೀಗರು ಇಂಥದ್ದನ್ನು ಕೇಳಿ ಸುಮ್ಮನಿರುವವರಲ್ಲ. ಕಿರ್ಲೋಸ್ಕರ್ ಕಾರ್ಖಾನೆಯ ಸೈರನ್ನಿಗೆ ಕೈಗಡಿಯಾರ ಸರಿಮಾಡಿಕೊಂಡು ಬದುಕಿದ ಮನುಷ್ಯ. "ಹೊಳಿ ವಿಚಾರ ನಮಗ ಬಿಡ್ರಿ ಬೀಗ್ರೇ. ನಿಮ್ಮೂರಿನ ನಳದಾಗ ಬರೋದೂ ನಮ್ಮ ರಾಜನಹಳ್ಳಿ ನೀರೇ" ಎನ್ನುತ್ತಾರೆ. ರಾಜನಹಳ್ಳಿಯ ಪಂಪು ತುಂಗಭದ್ರೆಯಿಂದ ನೀರೆತ್ತಿ ದಾವಣಗೆರೆಗೆ ಕಳಿಸುವುದು ನಿಜವೇ ಆದ್ದರಿಂದ ಮಾವನಿಗೆ ಉತ್ತರವಿಲ್ಲ. ಹೊನ್ನಾಳಿ ಬರುವತನಕ ಅವರು ಡ್ರೈವರ್ ಜೊತೆ ಮಾತ್ರ ಮಾತಾಡುತ್ತಾರೆ.

ಜಾಗ ನೋಡುವ ಈ ಚಾಳಿ ಮಾವನ ರಕ್ತದಲ್ಲೇ ಇದೆ ಎನ್ನಬೇಕು. ಅವರ ಅಜ್ಜ ಕೊಟ್ಟೂರಿನ ತೇರಿಗೆ ಕಮಾನು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರು. ಒಳಗೆ ಹುಲ್ಲಿನ ಮೆತ್ತೆ, ಕೆಳಗೆ ನೇತುಹಾಕಿದ ಲಾಟೀನು, ಹಿಂದೆ ಪಾತ್ರೆ ಗಂಟು: ಕ್ಯಾಂಪರ್ ವ್ಯಾನಿಗೆ ಇನ್ನೇನು ಬೇಕು? ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಈಗಲೂ ಹೀಗೆ ಕಾಡುದಾರಿ ಹಿಡಿದು ಹೋಗುತ್ತವೆ. ಬಂಡಿ ಬಿಡಲು ಜಾಗ ನೋಡುವುದು ಹಿರಿಯರ ಕೆಲಸ. ನೀರು ಹತ್ತಿರವಿರಬೇಕು, ನೆರಳು ಮಧ್ಯಾಹ್ನದ ಮೇಲೂ ಉಳಿಯಬೇಕು, ಇರುವೆ ಗೂಡು ಇರಬಾರದು, ಮಣ್ಣು ಗಾಲಿ ನುಂಗಬಾರದು. ಮಾವ ಇದಕ್ಕೆ ತಮ್ಮ ಕಾಲದ ನಾಲ್ಕು ಷರತ್ತು ಸೇರಿಸಿದ್ದಾರೆ: ಸಿಗ್ನಲ್ ಸಿಗಬೇಕು, ಹೆಂಗಸರಿಗೆ ಶೌಚಾಲಯ ಕಾಣುವಷ್ಟು ದೂರದಲ್ಲಿರಬೇಕು, ಮಂಗ ಇರಬಾರದು, ಟಿ.ಟಿ. ತಿರುಗಬೇಕು. ಎಂಟೂ ಕೂಡಿಬರುವ ಜಾಗವನ್ನು ಸೃಷ್ಟಿಕರ್ತ ಮಲೆನಾಡಿನಲ್ಲಿ ಇನ್ನೂ ಮಾಡಿದ ಹಾಗಿಲ್ಲ. ಹೀಗಾಗಿ ಶಿವಮೊಗ್ಗ ದಾಟಿದ ಮೇಲೆ ಗಾಡಿಯಲ್ಲಿ ಕೇಳಿಬರುವುದು ಒಂದೇ ಮಾತು: "ಇನ್ನೊಂದು ಸ್ವಲ್ಪ ಮುಂದ ಹೋಗು ತಮ್ಮಾ."

ಅವರು ಜಾಗ ನೋಡುವ ಕ್ರಮವನ್ನಂತೂ ಕಣ್ಣಾರೆ ಕಾಣಬೇಕು. ಹೋರಿ ಕೊಳ್ಳಲು ಬಂದವನು ಹಲ್ಲು ಬಿಡಿಸಿ ನೋಡುವಂತೆ ನೆಲ ನೋಡುತ್ತಾರೆ. ಕಾಲಿನಿಂದ ಒತ್ತುತ್ತಾರೆ, ಒಂದು ಹಿಡಿ ಮಣ್ಣು ಎತ್ತಿ ಗಾಳಿಗೆ ಬಿಟ್ಟು ಒಲೆಯ ಬಾಯಿ ಯಾವ ಕಡೆಗಿರಬೇಕೆಂದು ಲೆಕ್ಕ ಹಾಕುತ್ತಾರೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳೆಲ್ಲ ಬೆಳ್ಳಕ್ಕಿಯಿಂದ ಬೆಳ್ಳಗಾಗಿದ್ದಾಗ ನಾವು ಕಿಟಕಿಗೆ ಮೂಗು ಒತ್ತಿದ್ದೆವು. ಮಾವ ಇಳಿಯಲೇ ಇಲ್ಲ. "ಹಕ್ಕಿ ಇದ್ದಲ್ಲಿ ಸಾರಿನ ಪಾತ್ರಿ ತೆಗೀಬಾರದು" ಎಂದರು. ಕಾರಣ ಬಿಡಿಸಿ ಹೇಳಬೇಕಾಗಲಿಲ್ಲ. 'ಇಲ್ಲಿ ಅಡುಗೆ ಮಾಡುವುದನ್ನು ನಿಷೇಧಿಸಿದೆ' ಎಂಬ ಅರಣ್ಯ ಇಲಾಖೆಯ ಫಲಕ ಕಂಡರೆ ಮಾತ್ರ ಅವರ ಮುಖ ಅರಳುತ್ತದೆ. "ಕೆಟ್ಟ ಜಾಗಕ್ಕ ಯಾರಾದ್ರೂ ಬೋರ್ಡ್ ಹಾಕ್ತಾರೇನು? ಚಲೋ ಜಾಗ ಇಲ್ಲೇ ಸುತ್ತ ಐತಿ." ಕಾನೂನು ಮುರಿಯುವವರಲ್ಲ, ಫಲಕವನ್ನು ದಾರಿ ತೋರಿಸುವ ಕಂಬವೆಂದು ಓದುವವರು, ಅಷ್ಟೆ.

ಇಷ್ಟೆಲ್ಲ ತಿರುಗಿಯೂ ಅವರು ಮಲೆನಾಡನ್ನು ನೋಡಿದ್ದಾರೆಯೇ ಎಂಬುದು ನನ್ನ ಅನುಮಾನ. ಕುಪ್ಪಳಿಯ ಕವಿಶೈಲ ಹೇಗಿದೆ ಎಂದು ಕೇಳಿದರೆ "ಭಾಳ ಚಲೋ, ಮೂರು ಟಿ.ಟಿ. ಆರಾಮ ತಿರುಗ್ತಾವ" ಎನ್ನುತ್ತಾರೆ. ಆಗುಂಬೆಯಲ್ಲಿ ಸೂರ್ಯ ಪಡುವಣಕ್ಕೆ ಇಳಿಯುತ್ತಿದ್ದಾಗ ನೂರಾರು ಜನ ಆ ಕಡೆ ಮುಖ ಮಾಡಿ ನಿಂತಿದ್ದರೆ, ಮಾವ ಒಬ್ಬರೇ ಸೂರ್ಯನಿಗೆ ಬೆನ್ನು ಹಾಕಿ, ನಮ್ಮ ಜಾಗಕ್ಕೆ ನುಗ್ಗಲು ನೋಡುತ್ತಿದ್ದ ಇನ್ನೊಂದು ಊರಿನ ಟಿ.ಟಿ.ಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗಲು ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಬೇಕು, ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ 600 ಗಾಡಿ ಎಂದಾದಾಗ ಊರವರು ಪರಿಸರ ಉಳಿಯಿತು ಎಂದರು. ಮಾವ ಮಾತ್ರ ಮಂಕಾದರು. ಕಾಪಾಡಲು ಜಾಗವೇ ಇಲ್ಲವೆಂದರೆ ಗಿರಿಗೆ ಹೋಗಿ ಮಾಡುವುದಾದರೂ ಏನು?

ಅಳಿಯ ಇಂಗ್ಲೆಂಡಿಗೆ ಕರೆಸಿಕೊಂಡದ್ದು ಆಮೇಲಿನ ಮಾತು. ಹರಿಹರದ ಹುಡುಗ, ಮಾವನ ಮನಸ್ಸು ಬಲ್ಲವನು. ಮಂಚ, ಒಲೆ, ಸಿಂಕು ಸಹಿತ ನಿಜವಾದ ಕ್ಯಾಂಪರ್ ವ್ಯಾನನ್ನೇ ಬಾಡಿಗೆಗೆ ಹಿಡಿದು ಲೇಕ್ ಡಿಸ್ಟ್ರಿಕ್ಟಿಗೆ ಕರೆದೊಯ್ದ. 1951ರಿಂದ ರಾಷ್ಟ್ರೀಯ ಉದ್ಯಾನ, 2017ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಸೀಮೆ. ಬೆಟ್ಟ, ಸರೋವರ, ಕಲ್ಲಿನ ಬೇಲಿ, ಕುರಿ. ಸಂಜೆ ಬಿಡಾರ ತಲುಪಿದರೆ ಅಲ್ಲೊಂದು ಗೂಟ, ಗೂಟದ ಮೇಲೆ ನಂಬರು, ಪಕ್ಕದಲ್ಲಿ ಕರೆಂಟಿನ ಪಾಯಿಂಟು.

"ಇದೇನು?"

"ನಮ್ಮ ಜಾಗ, ಮಾವ. ಮೂರು ತಿಂಗಳ ಹಿಂದೆ ಬುಕ್ ಮಾಡಿದ್ದು."

"ನೋಡದೇ?"

ಬೆಂಕಿಯ ಭಯಕ್ಕೆ ಎರಡು ಗಾಡಿಗಳ ನಡುವೆ 6 ಮೀಟರ್ ಬಿಡುವುದು ಅಲ್ಲಿನ ರೂಢಿ. ಅಳಿಯ ಹೇಳಿದಾಗ ಮಾವ "ಆರು ಮೀಟರ್‌ನಾಗ ನಾವು ಒಂದು ಪಂಕ್ತಿ ಎಬ್ಬಸ್ತೀವಿ" ಎಂದು ಮುಖ ತಿರುಗಿಸಿದರು. ಮಳೆಯಲ್ಲೇ ಕೊಡೆ ಹಿಡಿದು ಉಳಿದೆಲ್ಲ ನಂಬರುಗಳನ್ನೂ ನೋಡಿ ಬಂದರು.

ಮರುದಿನ ಬೆಳಿಗ್ಗೆ ಪಕ್ಕದ ವ್ಯಾನಿನ ಮುದುಕನೊಬ್ಬ ಗಾರೆಯವರ ರಸಮಟ್ಟ ಹಿಡಿದು ಗಾಡಿಯ ನೆಲ ಅಳೆಯುತ್ತಿದ್ದ. ಗಾಲಿಯ ಕೆಳಗೆ ಹಳದಿ ಪ್ಲಾಸ್ಟಿಕ್ಕಿನ ಮೆಟ್ಟಿಲು ತುರುಕಿ, ಇಳಿದು ನೋಡಿ, ಮತ್ತೆ ಸರಿಸುತ್ತಿದ್ದ. ಹೆಂಡತಿ ಒಳಗಿನಿಂದ ಏನೋ ಗದರುತ್ತಿದ್ದಳು. ಮಾವ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಕನ್ನಡ ಇಂಗ್ಲಿಷು ಎರಡೂ ಬೇಕಾಗಲಿಲ್ಲ. ಎಡಗಾಲಿ ಅರ್ಧ ಇಂಚು ತಗ್ಗು ಎಂದು ಬೆರಳಲ್ಲಿ ತೋರಿಸಿದರು, ಅವನು ಒಪ್ಪಿದ. ಹೊರಡುವಾಗ ಮುದುಕ ಒಂದು ಜೊತೆ ಹಳದಿ ಮೆಟ್ಟಿಲನ್ನು ಮಾವನ ಕೈಗಿಟ್ಟ. ಸೂಟ್‌ಕೇಸಿನಲ್ಲಿ ಮಗಳು ಕೊಟ್ಟ ಸ್ವೆಟರ್ ತೆಗೆದು ಅದಕ್ಕೆ ಜಾಗ ಮಾಡಲಾಯಿತು.

ಈಚಿನ ಟೂರಿನಲ್ಲಿ, ತೀರ್ಥಹಳ್ಳಿ ದಾಟಿದ ಮೇಲೆ, ಮಾವ ಅದನ್ನು ಸೀಟಿನಡಿಯಿಂದ ಹೊರತೆಗೆದರು. ಡ್ರೈವರ್, ಹೆಂಗಸರು, ಹುಡುಗರು ಎಲ್ಲ ಸುತ್ತ ಸೇರಿದರು. ಬೀಗರು ತಿರುಗಿಸಿ ನೋಡಿದರು.

"ಇದನ್ನ ಇಟ್ರೆ ಯಾವ ಜಾಗಾನಾದ್ರೂ ಮಟ್ಟ ಆಗ್ತೈತೇನ್ರಿ?"

"ಯಾವ ಜಾಗಾನಾದ್ರೂ."

"ಹಂಗಾರ ಇನ್ನ ಜಾಗ ಹುಡುಕೋದೇ ಬ್ಯಾಡ ಅನ್ರಿ."

ಮಾವ ಒಂದು ಗಳಿಗೆ ಹಳದಿ ಮೆಟ್ಟಿಲನ್ನೇ ನೋಡಿದರು. ಅದನ್ನು ವಾಪಸ್ ಸೀಟಿನಡಿಗೆ ತಳ್ಳಿ, ಮುಂದೆ ಹತ್ತಿ ಕೂತು, ಬಾಗಿಲು ಎಳೆದುಕೊಂಡರು.

"ಇಲ್ಲಿ ಬ್ಯಾಡ ತಮ್ಮಾ. ಮುಂದ ಚಲೋ ಐತಿ."