ರುಚಿ ನೋಡಿ ಕಾಸು ಕೊಡು ಮಗಾ

ಸಿಗರೇಟು ಬಿಟ್ಟರೆ ಮನೆಯಲ್ಲಿ ದುಡ್ಡು ಉಳಿಯುತ್ತದೆ ಎಂದು ಮೊದಲು ಹೇಳಿದವನು ಬ್ರಹ್ಮಚಾರಿಯೇ ಇರಬೇಕು. ಸಂಸಾರಸ್ಥರಿಗೆ ಗೊತ್ತು: ಗಂಡಸಿನ ಒಂದು ಚಟ ಹೋದರೆ ಅದರ ಜಾಗಕ್ಕೆ ಒಂದು ಹವ್ಯಾಸ ಬಂದು ಕೂರುತ್ತದೆ. ಚಟಕ್ಕೆ ಅಂಗಿಯ ಜೇಬು ಸಾಕು, ಹವ್ಯಾಸಕ್ಕೆ ಕಪಾಟೇ ಬೇಕು.

ನಮ್ಮ ಮನೆಯವರು ಮಧುಗಿರಿಯವರು, ನಾನು ಶಿರಾದವಳು. ಅತ್ತೆಯ ತವರು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆ. ಎದುರು ಮನೆಯಲ್ಲಿರುವ ಇವರ ಗೆಳೆಯ ಪಾವಗಡದವನು. ಹೀಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳೂ ಇಂಗ್ಲೆಂಡಿನ ರೆಡಿಂಗ್ ಊರಿನ ಒಂದೇ ಬೀದಿಗೆ ಬಂದು ಸೇರಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಿಟ್ಟರೆ ನಮ್ಮ ಊರುಗಳನ್ನು ಯಾರೂ ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಇಲ್ಲಿ ನಾಲ್ಕೂ ಕೂಡಿ ಒಂದು ವಿಷಯಕ್ಕೆ ತಲೆ ಕೆಡಿಸಿಕೊಂಡವು: ಇವರ ಸಿಗರೇಟು ಬಿಡಿಸುವುದು ಹೇಗೆ, ಬಿಟ್ಟ ಮೇಲೆ ಬಾಯಿಗೆ ಯಾವ ರುಚಿ ಕೊಡುವುದು, ಅದಕ್ಕೆ ಎಷ್ಟು ಕಾಸು ಸುರಿಯುವುದು.

ಇಂಗ್ಲೆಂಡಿನಲ್ಲಿ ಇಪ್ಪತ್ತು ಸಿಗರೇಟಿನ ಒಂದು ಪ್ಯಾಕಿಗೆ ಈಗ ಹದಿನೈದು ಪೌಂಡಿಗೂ ಮೇಲೆ. ನಮ್ಮ ದುಡ್ಡಿನಲ್ಲಿ ಸಾವಿರದ ಐನೂರು ದಾಟುತ್ತದೆ. ಅತ್ತೆ ಮೊದಲ ಸಲ ಈ ಲೆಕ್ಕ ಕೇಳಿದಾಗ ರೂಪಾಯಿಯಲ್ಲಿ ನಿಲ್ಲಿಸಲಿಲ್ಲ, ಕಡ್ಲೇಕಾಯಿಗೆ ಇಳಿಸಿದರು. "ಅಯ್ಯೋ ನಿನ್ ಮನೆ ಕಾಯ್ವಾಗ, ದಿನಾ ಅಷ್ಟು ಕಡ್ಲೇಕಾಯಿ ಸುಟ್ಟಾಕ್ತೀಯೇನ್ಲಾ?" ಎಂದರು. ವೈದ್ಯರು, ನರ್ಸು, ಪ್ಯಾಕಿನ ಮೇಲಿನ ಭಯಂಕರ ಚಿತ್ರ, ಯಾವುದೂ ನಾಟದಿದ್ದ ಕಡೆ ಈ ಒಂದು ಮಾತು ನಾಟಿತು. ನಮ್ಮ ಕಡೆಯವರಿಗೆ ಶ್ವಾಸಕೋಶಕ್ಕಿಂತ ಬೆಳೆ ಹತ್ತಿರ.

ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯವರು ಸಿಗರೇಟು ಬಿಡುವವರಿಗೆ ವೇಪ್ ಎಂಬ ಇ-ಸಿಗರೇಟು ಹಿಡಿಯಿರಿ ಎಂದು ತಾವೇ ಹೇಳುತ್ತಾರೆ. ಹತ್ತು ಲಕ್ಷ ಧೂಮಪಾನಿಗಳಿಗೆ ವೇಪ್ ಕಿಟ್ ಬಿಟ್ಟಿ ಕೊಡುತ್ತೇವೆಂದು 2023ರ ಏಪ್ರಿಲ್‌ನಲ್ಲಿ ಸರ್ಕಾರವೇ ಸಾರಿತು. ಸಿಗರೇಟು ಸುಟ್ಟಾಗ ಹುಟ್ಟುವ ಟಾರು, ಕಾರ್ಬನ್ ಮಾನಾಕ್ಸೈಡು ಇದರಲ್ಲಿಲ್ಲ, ಹಾಗೆಂದು ಇದೇನು ತುಳಸಿ ತೀರ್ಥವೂ ಅಲ್ಲ, ಸೇದದವರು ಮುಟ್ಟಲೇಬಾರದು ಎಂಬುದು ನರ್ಸಮ್ಮನ ಪಾಠ. ಪಾಠದ ಮೊದಲರ್ಧ ಕೇಳಿದ ಕೂಡಲೇ ಇವರು ಅಂಗಡಿಗೆ ಹೊರಟಿದ್ದರು.

ವೇಪ್ ಅಂಗಡಿ ಎಂದರೆ ಗೋಡೆ ತುಂಬ ಕಿರುಬೆರಳಿನುದ್ದದ ಬಾಟಲಿಗಳು. ನಿಕೋಟಿನ್ ಇರುವ ಬಾಟಲಿ ಹತ್ತು ಮಿಲಿಲೀಟರ್ ಮೀರುವಂತಿಲ್ಲ, ಒಂದು ಮಿಲಿಲೀಟರಿನಲ್ಲಿ ಇಪ್ಪತ್ತು ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ ಎಂಬುದು 2016ರಿಂದ ಇಲ್ಲಿಯ ಕಾನೂನು. ಜನ ಅಳತೆ ಮೀರದಿರಲಿ ಎಂದು ಮಾಡಿದ ಕಾನೂನು. ಆದರೆ ಬಾಟಲಿ ಚಿಕ್ಕದಾದಷ್ಟೂ "ಇದೊಂದು ಇರಲಿ ಬಿಡು" ಅನ್ನುವುದು ಸಲೀಸು. ಹತ್ತು ಪೌಂಡಿಗೆ ನಾಲ್ಕು ಎಂದು ಬೋರ್ಡು ಹಾಕಿದ್ದರಂತೂ ಒಂದು ಬೇಕಾದವರೂ ನಾಲ್ಕು ತಂದೇ ತರುತ್ತಾರೆ, ನಮ್ಮವರು ಎಂಟು ತಂದರು.

ಮೊದಲು ಬಂದದ್ದು ತಂಬಾಕಿನ ರುಚಿ. ಸಿಗರೇಟು ಬಿಡುವವರೆಲ್ಲ ಮೊದಲು ಕೊಳ್ಳುವುದು ಇದನ್ನೇ, ಮೊದಲು ಬಿಸಾಡುವುದೂ ಇದನ್ನೇ. ಸಿಗರೇಟಿನ ರುಚಿ ಸುಟ್ಟ ಎಲೆಯದು. ಈ ದ್ರವದಲ್ಲಿ ಏನೂ ಸುಡುವುದಿಲ್ಲ, ಬಿಸಿಯಾಗಿ ಆವಿಯಾಗುತ್ತದೆ ಅಷ್ಟೆ. ಆದ್ದರಿಂದ ತಂಬಾಕು ಎಂದು ಬರೆದಿದ್ದರೂ ಬಾಯಿಗೆ ಸಿಗುವುದು ಯಾವುದೋ ಕ್ಯಾರಮೆಲ್ ಮಿಠಾಯಿ. ಆಮೇಲೆ ಕಾಫಿ ಬಂತು. ಚಿಕೋರಿ ಹಾಕಿದ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಅದು ಅವಮಾನ. ಮಾವಿನ ಹಣ್ಣು ಎಂದು ಬರೆದ ಬಾಟಲಿಯಲ್ಲಿ ಶಾಂಪೂ ವಾಸನೆ. ನೀಲಿ ರಾಸ್ಪ್‌ಬೆರಿ ಎಂಬುದೊಂದಿತ್ತು. ಆ ಹಣ್ಣು ಯಾವ ಮರದಲ್ಲೂ ಇಲ್ಲ, ಮಿಠಾಯಿ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅದನ್ನು ಮೂಸಿ ನೋಡಿ ನಮ್ಮ ಮಗ "ಚೆನ್ನಾಗಿದೆಯಲ್ಲಪ್ಪಾ" ಎಂದ. ಅವನಿಗಿನ್ನೂ ಹನ್ನೆರಡು ವರ್ಷ. ಅವತ್ತೇ ಅಡುಗೆಮನೆಯ ಮೇಲಿನ ಕಪಾಟಿಗೆ ಬೀಗ ಬಿತ್ತು, ಬೀಗದ ಕೈ ನನ್ನ ಬಳಿ. ಹಣ್ಣು, ಮಿಠಾಯಿಯ ರುಚಿಗಳ ಮೇಲೆ ಸರ್ಕಾರ ಕಣ್ಣಿಟ್ಟಿರುವುದು ನ್ಯಾಯವಾಗಿಯೇ ಇದೆ ಎಂಬುದು ಅಂದಿನಿಂದ ನನ್ನ ತೀರ್ಪು. ಇವರದು ಬೇರೆ ತೀರ್ಪು. ಆದರೆ ಬೀಗದ ಕೈ ಅವರ ಬಳಿ ಇಲ್ಲ.

ಕಪಾಟಿನಲ್ಲಿ ಬಾಟಲಿ ಹೆಚ್ಚಿದವು, ಸಿಗರೇಟು ಮಾತ್ರ ಪೂರ್ತಿ ನಿಲ್ಲಲಿಲ್ಲ. ಪಾವಗಡದ ಗೆಳೆಯ ಬಂದು ನೋಡಿ ರೋಗ ಪತ್ತೆ ಮಾಡಿದ. ಅವನು ಇದೇ ದಾರಿಯಲ್ಲಿ ಮೊದಲೇ ನಡೆದು ಪಾರಾದವನು. ಶನಿಮಹಾತ್ಮನ ಊರಿನವನಾದ್ದರಿಂದ ಅವನ ಮಾತೆಲ್ಲ ಗ್ರಹಗತಿಯಲ್ಲೇ. "ಅಣ್ಣಾ, ಸಿಗರೇಟು ಅನ್ನೋದು ಏಳೂವರೆ ವರ್ಷದ ಶನಿ. ಮೂರು ಮಿಲಿಗ್ರಾಂ ಇಟ್ಟುಕೊಂಡು ಶಾಂತಿ ಮಾಡಿಸ್ತೀನಿ ಅಂದರೆ ಬಿಡ್ತಾನಾ?" ಎಂದ. ವಿಷಯ ಇಷ್ಟೆ. ದಿನಕ್ಕೊಂದು ಪ್ಯಾಕು ಎಳೆಯುತ್ತಿದ್ದವರು ಅಗ್ಗವೆಂದು, ಮರ್ಯಾದೆಯೆಂದು ತೀರಾ ಕಡಿಮೆ ನಿಕೋಟಿನ್ ಇರುವ ಬಾಟಲಿ ತಂದಿದ್ದರು. ದೇಹಕ್ಕೆ ಸಾಕಾಗದೆ ದಿನವಿಡೀ ಊದುತ್ತಿದ್ದರು, ಬಾಟಲಿ ಎರಡು ದಿನಕ್ಕೆ ಖಾಲಿ, ಆಮೇಲೂ ತಡೆಯದೆ ತೋಟದ ಮೂಲೆಯಲ್ಲಿ ಒಂದು ಸಿಗರೇಟು. ಮನೆಯಲ್ಲಿ ಎರಡು ಖರ್ಚು. ದೋಷವೆಲ್ಲ ರುಚಿಯ ಮೇಲೆ! ಮಾವು ಸರಿಯಿಲ್ಲ, ಕಾಫಿ ಸರಿಯಿಲ್ಲ. ಹೆಚ್ಚು ಸೇದುವವರು ಮೊದಲು ಹದಿನೆಂಟು, ಇಪ್ಪತ್ತು ಮಿಲಿಗ್ರಾಂ ಹಿಡಿದು, ಸಿಗರೇಟು ಪೂರ್ತಿ ನಿಂತ ಮೇಲೆ ಮೆಲ್ಲಗೆ ಇಳಿಯಬೇಕು. ಕಮ್ಮಿ ಖರ್ಚಿನ ಮೊದಲ ಗುಟ್ಟು ರುಚಿಯಲ್ಲಿಲ್ಲ, ಪ್ರಮಾಣದಲ್ಲಿದೆ. ಇದನ್ನು ಹೇಳಿ ಅವನು ನಮ್ಮ ಮನೆಯಲ್ಲಿ ಮುದ್ದೆ ಉಂಡು ಹೋದ.

ಪ್ರಮಾಣ ಸರಿಹೋಯಿತು. ಮಾರನೇ ವಾರವೇ ತೋಟದ ಮೂಲೆ ಬಣಗುಟ್ಟಿತು. ಉಳಿದದ್ದು ರುಚಿಯ ಪ್ರಶ್ನೆ. ಅದನ್ನು ಬಿಡಿಸಿದವರು ಆರು ತಿಂಗಳ ವೀಸಾದಲ್ಲಿ ಬಂದಿದ್ದ ನಮ್ಮ ಅತ್ತೆ.

ಕಪಾಟು ತೆಗೆಸಿ ಒಳಗೆ ಅರ್ಧಂಬರ್ಧ ಉಳಿದ ಬಾಟಲಿಗಳ ಸಾಲು ನೋಡಿದವರೇ ಸೊಂಟಕ್ಕೆ ಕೈ ಇಟ್ಟರು. "ಅಲ್ಲ ಕಣ್ಲಾ ಮಗಾ, ಸಂತೇಲಿ ಕಡ್ಲೇಕಾಯಿ ತಕಳಾಕೆ ಮುಂಚೆ ನಾಕು ಸುಲ್ದು ಬಾಯ್ಗಾಕ್ಕಂಡು ನೋಡಾಕಿಲ್ವಾ? ಉಣ್ಸೆಣ್ಣು ನೆಕ್ಕಿ ನೋಡಾಕಿಲ್ವಾ? ಇದ್ಯಾವ್ದೋ ಬಣ್ಣದ್ ನೀರ್ಗೆ ಅಂಗೇ ಕಾಸ್ ಕೊಟ್ ಬತ್ತೀಯಾ?"

"ಇಲ್ಲಿ ಹಂಗೆಲ್ಲ ಕೇಳೋಕಾಗಲ್ಲಮ್ಮ" ಎಂದರು ಇವರು.

"ಬಾಯ್ ಐತಲ್ಲ, ಕೇಳು."

ಶನಿವಾರ ಅತ್ತೆಯೂ ಹೊರಟರು. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಇವರ ಹಳೆಯ ಕೋಟು, ಕಾಲಿಗೆ ಮೊಮ್ಮಗನ ಶೂ. ಅಂಗಡಿಯ ಗಡ್ಡದ ಹುಡುಗ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಕೇಳಿದರೆ ಅವನು ಸಂತೋಷದಿಂದಲೇ ಕೌಂಟರಿನ ಕೆಳಗಿನಿಂದ ರುಚಿ ನೋಡುವ ಬಾಟಲಿಗಳ ತಟ್ಟೆಯನ್ನು ಎತ್ತಿಟ್ಟ, ಪ್ರತಿ ಗಿರಾಕಿಗೂ ಬೇರೆ ಬೇರೆ ಬಾಯಿತುದಿಯೂ ಇತ್ತು. ಅಷ್ಟು ದಿನವೂ ಅದು ಅಲ್ಲೇ ಇತ್ತು! ನಮ್ಮ ಗಂಡಸರು ದಾರಿ ಕೇಳುವುದಿಲ್ಲ, ಬೆಲೆ ಕೇಳುವುದಿಲ್ಲ, ರುಚಿಯನ್ನಂತೂ ಕೇಳುವುದೇ ಇಲ್ಲ.

ಅತ್ತೆ ತಾವು ಒಂದನ್ನೂ ಬಾಯಿಗೆ ಮುಟ್ಟಿಸಲಿಲ್ಲ. ಮಗನನ್ನು ಬೆಳಕಿಗೆ ಮುಖ ಮಾಡಿ ನಿಲ್ಲಿಸಿದರು. ಇವರು ಒಂದೊಂದು ಎಳೆದಾಗಲೂ ಅತ್ತೆ ಮುಖ ನೋಡಿ ತೀರ್ಮಾನ ಹೇಳುತ್ತಿದ್ದರು. "ಮೂಗು ಅಳ್ಳಿಸ್ದ, ಬ್ಯಾಡ." "ಇದು ಮೊದ್ಲು ಚಂದಾಗಿರ್ತೈತೆ, ಆಮೇಕೆ ಓಕರಿಕೆ ಬತ್ತೈತೆ, ನಂಗೊತ್ತು, ಚಿಕ್ಕೋನಿದ್ದಾಗ ಪಾಯಸಕ್ಕೂ ಇಂಗೇ ಮಾಡ್ತಿದ್ದ." ಕಸ್ಟರ್ಡು, ಡೋನಟ್ಟು ಎಲ್ಲ ಹೀಗೆ ವಜಾ ಆದವು. ಗಡ್ಡದ ಹುಡುಗ ಅದಕ್ಕೆ ತಾಂತ್ರಿಕ ಕಾರಣವನ್ನೂ ಕೊಟ್ಟ: ಸಿಹಿ ಹೆಚ್ಚಿದ್ದಷ್ಟೂ ದ್ರವ ಬಿಸಿ ಮಾಡುವ ಕಾಯಿಲ್ ಬೇಗ ಕರಿಕಟ್ಟಿ ಹಾಳಾಗುತ್ತದೆ, ಹೊಸ ಕಾಯಿಲಿಗೆ ಮತ್ತೆ ದುಡ್ಡು. ಅತ್ತೆಗೆ ಅನುವಾದಿಸಿ ಹೇಳಿದೆ. "ತಳ ಇಡೀತೈತೆ ಅನ್ನು" ಎಂದರು.

ಪಾನ್ ರುಚಿಯ ಬಾಟಲಿ ಬಂದಾಗ ಮಾತ್ರ ತಾವೇ ಮೂಸಿದರು. ಗುಲ್ಕಂದು, ಸೋಂಪು, ಎಂಥದೋ ತಂಪು. ಕ್ಷಣಕಾಲ ಆ ಮುಖದಲ್ಲಿ ತೋವಿನಕೆರೆಯ ಜಾತ್ರೆ ಕಂಡಿತು. ನಂತರ "ಸುಣ್ಣ ಇಲ್ಲ" ಎಂದು ಅದನ್ನೂ ಪಕ್ಕಕ್ಕಿಟ್ಟರು. ಕೊನೆಗೆ ಗೆದ್ದದ್ದು ಎರಡು: ಸಾದಾ ಪುದೀನ, ಮತ್ತು ನಿಂಬೆ. ಊರಿನ ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಸಿಗುವ ಪೆಪ್ಪರ್ಮೆಂಟು, ನಿಂಬೆಹುಳಿ! ಜಗತ್ತಿನ ಅಷ್ಟೂ ರುಚಿಗಳನ್ನು ಸುತ್ತಿ ಬಂದು ಮಧುಗಿರಿಯ ಗಂಡಸು ತನ್ನ ಮೂರನೇ ಕ್ಲಾಸಿಗೆ ಬಂದು ನಿಂತ. ಒಂದೇ ರುಚಿಯನ್ನು ದಿನಗಟ್ಟಲೆ ಎಳೆದರೆ ನಾಲಿಗೆ ಮರಗಟ್ಟಿ ಏನೂ ಗೊತ್ತಾಗದು, ಆಗ ನೀರು ಕುಡಿದು ಇನ್ನೊಂದಕ್ಕೆ ಬದಲಾಯಿಸಿದರೆ ಸಾಕು, ಆದ್ದರಿಂದ ಎರಡು ಇರಲಿ, ಮೂರನೆಯದು ಬೇಡ ಎಂದ ಗಡ್ಡದ ಹುಡುಗ. ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಂಡ ಅವನನ್ನು ಅತ್ತೆ ಮೆಚ್ಚಿ, ಆಮೇಲೆ ಹತ್ತು ಪೌಂಡಿಗೆ ಐದು ಕೊಡು ಎಂದು ಚೌಕಾಸಿಗೆ ನಿಂತರು. ಕೊಡಲಿಲ್ಲ. ಒಂದು ಚಾವಿ ಗೊಂಚಲು ಕೊಟ್ಟ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. ಆದರೆ ಇವರು ಇಂಜಿನಿಯರು. "ಇದರಲ್ಲಿರೋದು ನಾಲ್ಕೇ ಪದಾರ್ಥ. ಪ್ರೊಪಿಲೀನ್ ಗ್ಲೈಕಾಲ್, ವೆಜಿಟೆಬಲ್ ಗ್ಲಿಸರಿನ್, ನಿಕೋಟಿನ್, ಎಸೆನ್ಸು. ಮನೇಲೇ ಮಾಡಿದರೆ ಮೂರು ಕಾಸು" ಎಂದು ಗ್ರಾಂ ತೂಗುವ ತಕ್ಕಡಿ, ಲೀಟರುಗಟ್ಟಲೆ ಗ್ಲಿಸರಿನ್, ಸಿರಿಂಜು, ಕೈಗವಸು ತರಿಸಿದರು. ನಿಕೋಟಿನ್ ವಿಷ, ಚರ್ಮಕ್ಕೆ ತಾಗಿದರೂ ಒಳಗೆ ಇಳಿಯುತ್ತದೆ, ಆದ್ದರಿಂದ ಅದು ನನ್ನ ಬೀಗದೊಳಗೇ ಇರಬೇಕೆಂದು ನಾನು ಷರತ್ತು ಹಾಕಿದೆ. ಗ್ಲಿಸರಿನ್ ಮಾತ್ರ ಹೊರಗೆ, ಅಡುಗೆಕಟ್ಟೆಯ ಮೇಲೆ.

ಆ ವರ್ಷ ರೆಡಿಂಗ್‌ನಲ್ಲಿ ಚಳಿ ಜೋರಿತ್ತು. ಅತ್ತೆಯ ಹಿಮ್ಮಡಿ ಪಾವಗಡದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಗ್ಲಿಸರಿನ್ ಎಂದರೆ ಏನೆಂದು ನಮ್ಮ ಕಡೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಚಳಿಗಾಲದಲ್ಲಿ ತುಟಿಗೆ, ಹಿಮ್ಮಡಿಗೆ ಹಚ್ಚುವುದು. ಔಷಧಿ ಅಂಗಡಿಯಲ್ಲಿ ಅಂಗೈಯಗಲದ ಬಾಟಲಿಯಲ್ಲಿ ಕೊಳ್ಳುತ್ತಿದ್ದದ್ದು ಇಲ್ಲಿ ಲೀಟರು ಲೀಟರು! ರಾತ್ರಿ ಹಚ್ಚಿ, ಮೇಲೆ ಕಾಲುಚೀಲ ಹಾಕಿ ಮಲಗಿದರು. ಬೀದಿಯ ಇನ್ನಿಬ್ಬರು ಅಜ್ಜಿಯರಿಗೂ ಜಾಮಿನ ಶೀಶೆಯಲ್ಲಿ ತುಂಬಿ ಕೊಟ್ಟರು. ಇವರ ಪ್ರಯೋಗಶಾಲೆ ಅರ್ಧಕ್ಕಿಳಿಯಿತು, ರೆಡಿಂಗ್‌ನ ಕನ್ನಡದ ಹಿಮ್ಮಡಿಗಳೆಲ್ಲ ಬೆಣ್ಣೆಯಾದವು. ಆ ಗ್ಲಿಸರಿನ್ ಕಂಡದ್ದರಲ್ಲಿ ಅತ್ಯಂತ ಒಳ್ಳೆಯ ಉಪಯೋಗ ಅದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇವರು ಸುಮ್ಮನಾಗದೆ ದೊಡ್ಡ ಬಾಟಲಿಯ ಹಾದಿ ಹಿಡಿದರು. ಅರವತ್ತು ಮಿಲಿಲೀಟರಿನ ಬಾಟಲಿಯಲ್ಲಿ ಐವತ್ತು ಮಾತ್ರ ನಿಕೋಟಿನ್ ಇಲ್ಲದ ದ್ರವ. ಅದಕ್ಕೆ ಹದಿನೆಂಟು ಮಿಲಿಗ್ರಾಂನ ಹತ್ತು ಮಿಲಿಲೀಟರ್ ಬೆರೆಸಿದರೆ ಎಲ್ಲ ಸೇರಿ ಮೂರು ಮಿಲಿಗ್ರಾಂ. ಹತ್ತರ ಕಾನೂನಿಗೆ ಇಂಗ್ಲಿಷರು ಕಂಡುಕೊಂಡ ಒಳದಾರಿ. ಲೆಕ್ಕಕ್ಕೆ ಅಗ್ಗವೇ, ಆದರೆ ಆ ತೆಳು ಪ್ರಮಾಣಕ್ಕೆ ದೊಡ್ಡ ಯಂತ್ರ ಬೇಕು, ದೊಡ್ಡ ಯಂತ್ರ ದ್ರವವನ್ನು ಗುಟುಕರಿಸುತ್ತದೆ, ಮನೆಯೊಳಗೆ ಮೋಡ. ಪಾಡ್ ಎಂಬ ಚಿಕ್ಕ ಯಂತ್ರದಲ್ಲಿ ಗಟ್ಟಿ ಪ್ರಮಾಣ ಹಾಕಿ ನಾಲ್ಕು ದಮ್ಮಿಗೆ ನಿಲ್ಲಿಸುವವನಿಗೆ ಪುಟ್ಟ ಬಾಟಲಿಯೇ ಅಗ್ಗ. ಈಗ ಅದರಲ್ಲೂ ಕಸಿವಿಸಿ ಬಂದಿದೆ. 2026ರ ಅಕ್ಟೋಬರ್ 1ರಿಂದ ಪ್ರತಿ ಹತ್ತು ಮಿಲಿಲೀಟರಿಗೆ ಎರಡು ಪೌಂಡು ಇಪ್ಪತ್ತು ಪೆನ್ಸ್ ಸುಂಕ, ನಿಕೋಟಿನ್ ಇರಲಿ ಇಲ್ಲದಿರಲಿ. ಅಂದರೆ ಬೆರೆಸಿದ ಆ ಅರವತ್ತಕ್ಕೆ ಸುಂಕವೇ ಹದಿಮೂರು ಪೌಂಡಿನ ಮೇಲೆ. ದೊಡ್ಡ ಬಾಟಲಿಯ ಕನಸು ಅಲ್ಲಿಗೆ ಬಿತ್ತು. ಇವರು ಈಗ ಆರು ಮಿಲಿಗ್ರಾಂಗೆ ಇಳಿದಿದ್ದಾರೆ, ಪುದೀನವೊಂದೇ ಉಳಿದಿದೆ.

ಅತ್ತೆಯ ಕಥೆಗೂ ಒಂದು ಬಾಲವಿದೆ. ಮಗನ ಬಾಟಲಿಗಳ ಮೇಲೆ ಅಷ್ಟು ತೀರ್ಪು ಕೊಟ್ಟವರ ಎಲಡಿಕೆ ಚೀಲದಲ್ಲಿ ಕಡ್ಡಿಪುಡಿ ಇತ್ತು. ಮೊಮ್ಮಗ ಶಾಲೆಯ ಪಾಠ ಒಪ್ಪಿಸುವ ದನಿಯಲ್ಲಿ "ಅಜ್ಜಿ, ಅದೂ ತಂಬಾಕೇ, ಬಾಯಿ ಕ್ಯಾನ್ಸರ್ ಬರುತ್ತೆ" ಎಂದ. ಅತ್ತೆಯ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸ್ವಲ್ಪ ಹೊತ್ತು ಬಿಟ್ಟು, "ಇದ್ಕೂ ಆ ಗಡ್ಡದ್ ಉಡ್ಗುನ್ ತಾವ ಏನಾರ ಐತಾ?" ಎಂದರು. ಇಲ್ಲ. ಈಗ ಎಲೆ ಅಡಿಕೆಗೆ ಲವಂಗ, ಏಲಕ್ಕಿ, ಸೋಂಪು. ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲವೆಂದು ಹೇಳುವ ಧೈರ್ಯ ಕೊರಟಗೆರೆಯ ಅಡಿಕೆ ತೋಟದ ಮಗಳ ಮುಂದೆ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಊರಿಗೆ ಹೊರಡುವವರಿಗೆ ಒಂದು ಮಾತು. ಇಷ್ಟು ಓದಿ ಅಣ್ಣನಿಗೊಂದು, ಭಾವನಿಗೊಂದು ಎಂದು ಸೂಟ್‌ಕೇಸಿನಲ್ಲಿ ವೇಪ್ ಇಟ್ಟುಕೊಳ್ಳಬೇಡಿ. ಕರ್ನಾಟಕದಲ್ಲಿ ಇದು 2016ರಲ್ಲೇ ನಿಷೇಧವಾಯಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತರುವುದು, ಮಾರುವುದು, ಸಾಗಿಸುವುದು ಎಲ್ಲ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇವರು ರಜೆಗೆ ಹೊರಡುವಾಗ ಪಾಡ್ ಯಂತ್ರವನ್ನು ನನ್ನ ಬೀಗದೊಳಗಿಟ್ಟು, ನಿಕೋಟಿನ್ ಚೂಯಿಂಗ್ ಗಮ್ ಹಿಡಿದು ವಿಮಾನ ಹತ್ತುತ್ತಾರೆ. ಎರಡು ಮಿಲಿಗ್ರಾಂನ ಗಮ್ ನಮ್ಮೂರುಗಳ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆಯೇ ಸಿಗುತ್ತದೆ, ಅದರಲ್ಲೂ ಪುದೀನವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಕೂತು ಬಿಡಬೇಕೆನ್ನುವವರು ಬಾಟಲಿಯ ಉಸಾಬರಿಗೇ ಹೋಗಬೇಕಿಲ್ಲ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಕಾಸಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.