ಕಂಬಳಿ ಹೊದ್ದ ಬಿಯರ್

ಹೊರನಾಡ ಕನ್ನಡ ಮನೆಗಳಲ್ಲಿ ‘ಹುದುಗು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ರುಬ್ಬಿದ ಅಕ್ಕಿ-ಉದ್ದಿನ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯೇರುವುದು ಮೊದಲನೆಯದು. ಇದು ಅಡುಗೆಮನೆಗೆ ಸೇರಿದ್ದು, ನೆಂಟರ ಮುಂದೆ ಎಷ್ಟು ಹೊತ್ತಾದರೂ ಮಾತನಾಡಲು ತಕ್ಕದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಸಿಹಿ ತಿಳಿಯನ್ನು ಯೀಸ್ಟ್ ಎಂಬ ಏಕಕೋಶದ ಶಿಲೀಂಧ್ರವು ಉಂಡು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುವುದು ಎರಡನೆಯದು. ಇದು ಬಟ್ಟೆ ಇಡುವ ಕೋಣೆಯ ಕತ್ತಲೆಗೆ ಸೇರಿದ್ದು, ಊರಿನಿಂದ ಫೋನು ಬಂದಾಗ ಇದರ ಸುದ್ದಿಯೇ ಏಳುವುದಿಲ್ಲ. ಅವ್ವ ಆರು ತಿಂಗಳ ಮಟ್ಟಿಗೆ ಬಂದಿರುವಾಗ ಇವೆರಡೂ ಒಂದೇ ಸೂರಿನಡಿ ನಡೆಯತೊಡಗಿದರೆ ಏನಾಗುತ್ತದೆಂಬುದು ಇಲ್ಲಿನ ವಿಚಾರ.

ಶಿಕಾರಿಪುರ-ಸೊರಬ ಸೀಮೆಯ ತೊಗರ್ಸಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಮನೆಯೊಂದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಊರಿನಲ್ಲೇ ಇದ್ದಿದ್ದರೆ ಈ ಮನೆಯ ಮಗನಿಗೆ ಬಿಯರ್ ಮಾಡುವ ಯೋಚನೆ ಬರುತ್ತಿರಲಿಲ್ಲ. ಬಂದಿದ್ದರೂ ಪರವಾನಗಿಯಿಲ್ಲದೆ ಮದ್ಯ ತಯಾರಿಸಲು 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುತ್ತಿರಲಿಲ್ಲ. ಅಮೆರಿಕದಲ್ಲಾದರೋ, 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ, ಮಾರಾಟಕ್ಕಲ್ಲದೆ ಸ್ವಂತಕ್ಕೆಂದು ಮನೆಯಲ್ಲಿ ಮಾಡಿಕೊಳ್ಳುವ ಬಿಯರಿಗೆ ಕೇಂದ್ರದ ತೆರಿಗೆಯಿಲ್ಲ: ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್. ಈ ಲೆಕ್ಕದಲ್ಲಿ ಗಂಡನ ಉತ್ಸಾಹದ ಅರ್ಧ ಭಾಗ ಹೆಂಡತಿಯ ಪಾಲಿನದು. ಆ ಪಾಲಿನ ವಿಷಯದಲ್ಲಿ ಆಕೆಯನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ.

ಮೊದಲ ಬ್ಯಾಚು ಸಾಮಾನ್ಯವಾಗಿ ಐದು ಗ್ಯಾಲನ್ನಿನದು, ಅಂದರೆ 19 ಲೀಟರಿನದು. ಅಷ್ಟು ಹಿಡಿಯುವ ಪಾತ್ರೆ ಮನೆಯಲ್ಲಿರುವುದು ಒಂದೇ, ಗಣೇಶನ ಹಬ್ಬಕ್ಕೆ ಕನ್ನಡ ಸಂಘದವರಿಗೆಲ್ಲ ಬಿಸಿಬೇಳೆಬಾತು ಮಾಡುವ ಸ್ಟೀಲ್ ಪಾತ್ರೆ. ಅದರಲ್ಲಿ ಮಾಲ್ಟಿನ ತಿಳಿಯನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಒಂದು ಗಂಟೆ ಕುದಿಸಬೇಕು. ಬಿಯರಿಗೆ ಕಹಿ ಕೊಡುವುದೂ ಅದು ಬೇಗ ಕೆಡದಂತೆ ಕಾಯುವುದೂ ಈ ಹೂವೇ. ಸಸ್ಯಶಾಸ್ತ್ರದ ಪ್ರಕಾರ ಇದು ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದೆಂಬ ವಿವರವನ್ನು ಅವ್ವನವರೆಗೆ ಒಯ್ಯದಿರುವುದು ಲೇಸು. ಕುದಿಯುವಾಗಿನ ವಾಸನೆ ಬೆಲ್ಲ ಜಾಸ್ತಿಯಾದ ಕಷಾಯದಂತಿರುವುದರಿಂದ “ಯಾರಿಗೋ ಜ್ವರ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಕುದಿ ನಿಂತ ಮೇಲೆ ಆ ತಿಳಿಗೆ ತಗಲುವ ಸೌಟು, ನಳಿಗೆ, ಮುಚ್ಚಳಗಳೆಲ್ಲವನ್ನೂ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿ ತೆಗೆಯದಿದ್ದರೆ ಬೇಡದ ಬ್ಯಾಕ್ಟೀರಿಯಾ ಸೇರಿ ಬಿಯರ್ ಹುಳಿಯಾಗುತ್ತದೆ. ಮಡಿ-ಮೈಲಿಗೆಯನ್ನು ಕಾಲೇಜು ದಿನಗಳಿಂದಲೂ ಗೇಲಿ ಮಾಡುತ್ತ ಬಂದ ಮಗ ಒದ್ದೆ ಕೈ ಎತ್ತಿ ಹಿಡಿದು “ಅವ್ವಾ, ಮುಟ್ಟಬ್ಯಾಡ!” ಎಂದು ಕೂಗುವುದು ಈ ಘಟ್ಟದಲ್ಲಿ.

ತಿಳಿ ಆರಿದ ಮೇಲೆ ಅದನ್ನು ಮುಚ್ಚಳದ ಡಬ್ಬಿಗೆ ಸುರಿದು, ಯೀಸ್ಟ್ ಉದುರಿಸಿ, ಒಳಗಿನ ಗಾಳಿ ಹೊರಹೋಗಲು ಮುಚ್ಚಳದಿಂದ ನೀರಿನ ಬಾಟಲಿಗೆ ಒಂದು ರಬ್ಬರ್ ನಳಿಗೆ ಇಳಿಬಿಡುತ್ತಾರೆ. ಮರುರಾತ್ರಿ ಕೋಣೆಯೊಳಗಿಂದ ಗುಳುಗುಳು ಸದ್ದು ಏಳುತ್ತದೆ. ನಿದ್ದೆ ಬಾರದ ಅವ್ವ ಬಾಗಿಲು ತೆಗೆದು ಡಬ್ಬಿಯನ್ನೂ ನಳಿಗೆಯನ್ನೂ ನೋಡಿ “ಕಳ್ಳಬಟ್ಟಿ ಏನೋ ಇದು?” ಎಂದು ಕೇಳಿದರೆ ಅದು ಅನುಭವದಿಂದ ಬಂದ ಪ್ರಶ್ನೆಯೇ ಹೊರತು ಅಪವಾದವಲ್ಲ. ಕಳ್ಳಬಟ್ಟಿಯೆಂದರೆ ಹುದುಗಿದ್ದನ್ನು ಕಾಸಿ ಆವಿಯನ್ನು ಇಳಿಸಿಕೊಳ್ಳುವುದು. ಮನೆಯಲ್ಲಿ ಹಾಗೆ ಇಳಿಸುವುದು ಅಮೆರಿಕದ ಕೇಂದ್ರ ಕಾನೂನಿನಲ್ಲೂ ಅಪರಾಧವೆಂಬುದನ್ನು ಮಗ ವಿವರಿಸಬೇಕಾಗುತ್ತದೆ. ವಿವರಿಸುವ ಭರದಲ್ಲಿ “ಇದು ಬರೀ ಹುದುಗು ಅವ್ವಾ” ಎಂದುಬಿಡುತ್ತಾನೆ. ಆ ಒಂದು ಮಾತಿನಿಂದ ಡಬ್ಬಿಯ ಯಜಮಾನಿಕೆ ಕೈಬದಲಾಗುತ್ತದೆ, ಏಕೆಂದರೆ ಹುದುಗಿನ ವಿಷಯದಲ್ಲಿ ಆ ಮನೆಯಲ್ಲಿ ಅವ್ವನ ಮಾತೇ ಕೊನೆಯದು.

ಈ ಹಕ್ಕಿಗೆ ಶಾಸ್ತ್ರಾಧಾರವೂ ಇದೆ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ‘ಕಿಣ್ವ’ ಎಂದರೆ ಎಂಜೈಮ್. ಆದರೆ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವವೆಂದರೆ ಹೆಂಡಕ್ಕೆ ಹಾಕುವ ಹುದುಗು. ಹಸಿಯದೋ ಬೇಯಿಸಿದ್ದೋ ಆದ ಉದ್ದಿನ ಹಿಟ್ಟು, ಅದಕ್ಕಿಂತ ಹೆಚ್ಚು ಅಕ್ಕಿ, ಜೊತೆಗೆ ಮೊರಟವೇ ಮೊದಲಾದ ಗಿಡಮೂಲಿಕೆ ಸೇರಿದರೆ ಕಿಣ್ವವಾಗುತ್ತದೆಂದು ಆ ಪ್ರಕರಣ ಹೇಳುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಈ ಗ್ರಂಥದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಾಶಾಸ್ತ್ರಿಗಳು ಈ ಸಾಲುಗಳನ್ನು ಓದುವಾಗ ಬೆಳಗಿನ ತಿಂಡಿಯನ್ನು ನೆನೆದರೋ ಇಲ್ಲವೋ. ಗಿಡಮೂಲಿಕೆ ತೆಗೆದರೆ ಉಳಿಯುವುದು ಇಡ್ಲಿ ಹಿಟ್ಟೇ. ಇತ್ತ ಬಿಯರಿನ ಧರ್ಮಶಾಸ್ತ್ರವೆಂದು ಜರ್ಮನರು ಕೊಂಡಾಡುವ ಬವೇರಿಯದ 1516ರ ಕಟ್ಟಳೆ ನೀರು, ಬಾರ್ಲಿ, ಹಾಪ್ಸ್ ಮೂರನ್ನಷ್ಟೇ ಹೆಸರಿಸಿ ಯೀಸ್ಟನ್ನು ಕೈಬಿಟ್ಟಿದೆ. ಹುದುಗಿನ ಮಟ್ಟಿಗೆ ಕೌಟಿಲ್ಯನ ಕಡೆಯೇ ಹೆಚ್ಚು ತಿಳಿವಳಿಕೆಯಿತ್ತೆಂದು ಒಪ್ಪಬೇಕು.

ಅವ್ವನ ಶಾಸ್ತ್ರದಲ್ಲಿ ಒಂದೇ ಒಂದು ದೋಷವಿದೆ, ಅದು ಸೆಖೆಯದು. ಇಡ್ಲಿ ಹಿಟ್ಟಿಗೆ 30 ಡಿಗ್ರಿಯ ಆಸುಪಾಸು ಹಿತ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 21 ಡಿಗ್ರಿ ಸಾಕು, ಮೇಲಾಗಿ ಹುದುಗುವಾಗ ಅದು ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. “ಈ ಚಳಿಯಾಗೆ ಹುದುಗು ಎಲ್ಲಿಂದ ಬರ್ತೈತೋ?” ಎಂದು ಮರುಗಿ, ತೊಗರ್ಸಿಯಿಂದ ತಂದ ಕರಿ ಕಂಬಳಿಯನ್ನು ಡಬ್ಬಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಕೂಸಿಗೆ ಹೊದಿಸಿದಂತೆ ಒಳಗೆ ಸಿಕ್ಕಿಸಿ ಹೋದರೆ, ಬೆಳಗಿನ ಹೊತ್ತಿಗೆ ಡಬ್ಬಿಗೆ ಅಂಟಿಸಿದ ತಾಪಮಾಪಕ 27 ತೋರಿಸುತ್ತದೆ. ಅಷ್ಟು ಕಾವಿನಲ್ಲಿ ಯೀಸ್ಟ್ ಅವಸರಪಟ್ಟು ಎಸ್ಟರುಗಳೆಂಬ ಸುವಾಸನೆಯ ರಾಸಾಯನಿಕಗಳನ್ನು ಹೆಚ್ಚಾಗಿ ಬಿಡುವುದರಿಂದ ಕೋಣೆಯ ಕೋಟು, ಸ್ವೆಟರುಗಳೆಲ್ಲ ಬಾಳೆಹಣ್ಣಿನ ಶೀಕರಣೆಯಂತೆ ಘಮಗುಡುತ್ತವೆ.

ಎರಡು ವಾರ ಕಳೆದು ಬಾಟಲಿಗೆ ತುಂಬುವಾಗ, ಒಳಗೇ ಗ್ಯಾಸು ಹುಟ್ಟಲೆಂದು 19 ಲೀಟರಿಗೆ ಸುಮಾರು 110 ಗ್ರಾಂ ಸಕ್ಕರೆ ಬೆರೆಸಬೇಕು. “ಎಲ್ಡು ಹಿಡಿ ಹಾಕು” ಎಂಬ ಕೈಯಳತೆಯನ್ನು ಇಲ್ಲಿ ಪಾಲಿಸಬಾರದು. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಮತ್ತೆರಡು ವಾರ ಕಾದು ಮೊದಲ ಬಾಟಲಿ ತೆರೆದಾಗ ನೊರೆ ಲೋಟದ ಅಂಚು ದಾಟುತ್ತದೆ. ಅಂಥದ್ದನ್ನೆಲ್ಲ ಬಾಯಿಗೆ ಹಚ್ಚುವವಳಲ್ಲವೆಂದು ಊರಿಗೇ ಗೊತ್ತಿರುವ ಅವ್ವ, ಮೂಸಿ ನೋಡುವುದಕ್ಕಷ್ಟೇ ಎಂದು ಲೋಟ ಹಿಡಿದು ಅಡುಗೆಮನೆಗೆ ಹೋಗಿ ಬಂದು, “ಹುದುಗೇನೋ ಚೆಂದ ಬಂದೈತೆ, ಉಪ್ಪು ಹಾಕೋದು ಮರ್ತೀಯ” ಎನ್ನುತ್ತಾಳೆ. ಉಪ್ಪಿಲ್ಲವೆಂಬುದು ಮೂಸಿದರೆ ತಿಳಿಯುವ ಸಂಗತಿಯಲ್ಲ.