ಪೊಳಲಿ ಚೆಂಡು ಮತ್ತು ಕೊಲೆಸ್ಟ್ರಾಲ್ ತತ್ತ್ವ: ಒಂದು ಪ್ರಮಾಣ ವಿಚಾರ

ಮನುಷ್ಯನಿಗೆ ಬರುವ ಕಾಯಿಲೆಗಳು ಎರಡು ವಿಧ: ಬಂದ ಕೂಡಲೇ ಗೊತ್ತಾಗುವವು ಮತ್ತು ಬಿ.ಸಿ. ರೋಡಿನ ಲ್ಯಾಬಿಗೆ ಹೋಗಿ ಬಂದ ಮೇಲೆ ಗೊತ್ತಾಗುವವು. ಜ್ವರ, ಹಲ್ಲುನೋವು, ಸೊಂಟದ ಉಳುಕು ಮೊದಲನೆಯ ವರ್ಗ. ಕೊಲೆಸ್ಟ್ರಾಲ್ ಎರಡನೆಯ ವರ್ಗದ ಶಿರೋಮಣಿ. ಲ್ಯಾಬಿನವರು ಚೀಟಿ ಕೈಗಿಡುವ ತನಕ ಅದು ಇರುವುದೇ ಇಲ್ಲ. ಇಟ್ಟ ಮರುಕ್ಷಣ ಮೂರು ತಲೆಮಾರಿನಿಂದ ಇದ್ದದ್ದಾಗಿಬಿಡುತ್ತದೆ. ಇಂಥ ಪದಾರ್ಥದ ಅಸ್ತಿತ್ವವನ್ನು ಯಾವ ಪ್ರಮಾಣದಿಂದ ಸಾಧಿಸಬೇಕು ಎಂಬ ಪ್ರಶ್ನೆಯನ್ನು ನಮ್ಮ ನೈಯಾಯಿಕರು ಕೈಗೆತ್ತಿಕೊಳ್ಳದೆ ಹೋದದ್ದು ಶಾಸ್ತ್ರಕ್ಕಾದ ನಷ್ಟ. ಆ ಕೊರತೆಯನ್ನು ಪೊಳಲಿಯ ಚೆಂಡಿನ ಗದ್ದೆಯ ಬದಿಯಲ್ಲಿ ಕುಳಿತು ತುಂಬಿಕೊಡುವುದು ಈ ಪ್ರಬಂಧದ ಉದ್ದೇಶ. ಅನುದಾನ ಯಾರೂ ಕೊಟ್ಟಿಲ್ಲ, ಆದ್ದರಿಂದ ನಿಷ್ಪಕ್ಷಪಾತ.

ಪ್ರತ್ಯಕ್ಷ ಪ್ರಮಾಣ ಇಲ್ಲಿ ನಡೆಯದು. ಸಕ್ಕರೆ ಕಾಯಿಲೆಗಾದರೆ ಇರುವೆಯ ಸಾಕ್ಷಿಯಾದರೂ ಉಂಟು; ಕೊಲೆಸ್ಟ್ರಾಲನ್ನು ಮೂಸುವ ಇರುವೆ ಇನ್ನೂ ಹುಟ್ಟಿಲ್ಲ. ರಕ್ತನಾಳದ ಗೋಡೆಯೊಳಗೆ ಅದು ಮೂವತ್ತು ವರ್ಷ ಬಿಡಾರ ಹೂಡಿದರೂ ಮನೆಯ ಯಜಮಾನನಿಗೆ ಸುದ್ದಿಯಿರುವುದಿಲ್ಲ. ಅಪವಾದಗಳು ಇಲ್ಲವೆಂದಲ್ಲ. ಕೆಲವರ ಕಣ್ಣರೆಪ್ಪೆಯ ಮೂಲೆಯಲ್ಲಿ ಹಳದಿ ದದ್ದು ಏಳುತ್ತದೆ; ಕೆಲವು ಕುಟುಂಬಗಳಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗುತ್ತದೆ; ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಸಾವಿರ ದಾಟಿದವರ ರಕ್ತವನ್ನು ಕೊಳವೆಯಲ್ಲಿ ಇಟ್ಟರೆ ಮೇಲಿನ ನೀರು ಬೆಳ್ಳಗೆ ನಿಲ್ಲುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವೂ ಇರುತ್ತದೆ. ಉಳಿದವರ ಪಾಲಿಗೆ ಕೊಲೆಸ್ಟ್ರಾಲ್ ಶುದ್ಧ ಅತೀಂದ್ರಿಯ ವಸ್ತು.

ಹಾಗಾದರೆ ಅನುಮಾನ? ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಉಂಟು ಎನ್ನುವ ಹಳೆಯ ವಿದ್ಯೆಯನ್ನು ಸಣ್ಣ ಲ್ಯಾಬುಗಳು ಇವತ್ತಿಗೂ ಉಳಿಸಿಕೊಂಡು ಬಂದಿವೆ. ಚೀಟಿಯಲ್ಲಿ ಎಲ್‌ಡಿಎಲ್ (ಡಾಕ್ಟರರ ಮಾತಿನ ‘ಕೆಟ್ಟ’ ಕೊಲೆಸ್ಟ್ರಾಲ್) ಎಂದು ಬರೆದ ಸಂಖ್ಯೆಯನ್ನು ಬಹಳ ಕಡೆ ಯಾರೂ ಅಳೆದಿರುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇಷ್ಟೇ: ಒಟ್ಟು ಕೊಲೆಸ್ಟ್ರಾಲಿನಿಂದ ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಒಟ್ಟು 220, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಇದ್ದರೆ ಎಲ್‌ಡಿಎಲ್ 140. ಟ್ರೈಗ್ಲಿಸರೈಡ್ 400 ದಾಟಿತೋ, ಹೊಗೆಯೇ ಬೆಟ್ಟವನ್ನು ಮುಚ್ಚಿಬಿಡುತ್ತದೆ, ಸೂತ್ರ ಕೈಬಿಡುತ್ತದೆ. ಕಳೆದ ಸಲ 138 ಇತ್ತು, ಈ ಸಲ 141 ಆಗಿದೆ ಎಂದು ಬಸ್ಸಿನುದ್ದಕ್ಕೂ ಕೊರಗುವವರು ಒಂದು ವ್ಯವಕಲನದ ಬಗ್ಗೆ ಕೊರಗುತ್ತಿರುತ್ತಾರೆ.

ಅನುಮಾನವನ್ನು ಮೋಸಗೊಳಿಸುವ ಶಾಸ್ತ್ರವೂ ನಮ್ಮಲ್ಲಿ ಬೆಳೆದಿದೆ. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಮೀನಿಲ್ಲ, ಒಗ್ಗರಣೆಯಿಲ್ಲ, ಬರೀ ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ. ನಾಲ್ಕನೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಹತ್ತಿಯ ತುಂಡನ್ನು ಮೊಣಕೈಯಲ್ಲಿ ಒತ್ತಿ ಹಿಡಿದೇ ಎದುರಿನ ಹೋಟೆಲಿನಲ್ಲಿ ಬನ್ಸ್ ಮತ್ತು ಗೋಳಿಬಜೆ. ಎಲ್‌ಡಿಎಲ್‌ಗೆ ಈ ಮೂರು ದಿನದ ವ್ರತ ತಿಳಿಯುವುದಿಲ್ಲ. ಅದರ ಪಂಚಾಂಗದಲ್ಲಿ ಇರುವುದು ವಾರಗಳು. ಇನ್ನು ಟ್ರೈಗ್ಲಿಸರೈಡ್ ಏರುವುದು ಎಣ್ಣೆಗಿಂತ ಹೆಚ್ಚಾಗಿ ಅನ್ನ, ಸಕ್ಕರೆ, ಶೇಂದಿ ಸಾರಾಯಿಗಳಿಂದ ಎಂಬುದನ್ನು ಆ ಗಂಜಿಯ ಬಟ್ಟಲಿಗೆ ಹೇಳುವ ಧೈರ್ಯ ಯಾರಿಗುಂಟು?

ಈಗ ಸಿದ್ಧಾಂತಕ್ಕೆ ಬರೋಣ. ಮೀನ ಮಾಸದಲ್ಲಿ ಧ್ವಜದ ಕೊಡಿ ಏರಿ ಹೆಚ್ಚುಕಮ್ಮಿ ಒಂದು ತಿಂಗಳು ನಡೆಯುವ ಪೊಳಲಿ ರಾಜರಾಜೇಶ್ವರಿ ಅಮ್ಮನ ಜಾತ್ರೆಯ ಕೊನೆಗೆ ಐದು ದಿನ ಚೆಂಡು. ಗದ್ದೆಯಲ್ಲಿ ಎರಡು ಕಡೆ, ನಡುವೆ ಒಂದು ಚರ್ಮದ ಚೆಂಡು. ಅದನ್ನು ಹೊಲಿದುಕೊಡುವುದು ಮೂಡುಬಿದಿರೆಯ ಒಂದು ಮನೆತನ. ಪೊಳಲಿಗೆ ತಂದೊಪ್ಪಿಸುವುದು ಮಿಜಾರಿನ ಗಾಣದ ಮನೆತನ. ಎಣ್ಣೆಯ ಮನೆಯವರೇ ಚೆಂಡು ತರುವುದು ಕಾಕತಾಳೀಯ ಎನ್ನುವವರು ಕೊಬ್ಬಿನ ರಸಾಯನಶಾಸ್ತ್ರ ಓದದವರು. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ. ರಕ್ತವೋ ಬಹುಪಾಲು ನೀರು. ಆದ್ದರಿಂದ ಯಕೃತ್ತು ಅದನ್ನು ಕೊಬ್ಬಿನೊಡನೆ ಒಳಗೆ ತುಂಬಿ, ಹೊರಗೆ ಪ್ರೋಟೀನಿನ ಕವಚ ಬಿಗಿದು, ಉರುಟಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಮೂಡುಬಿದಿರೆಯ ಚರ್ಮವೂ ಮಿಜಾರಿನ ಎಣ್ಣೆಯೂ ಸೇರಿದರೆ ಆಗುವುದೇ ಲಿಪೊಪ್ರೋಟೀನ್.

ಪೊಳಲಿ ಚೆಂಡು ಒಳಿತು ಕೆಡುಕುಗಳ ಕಾಳಗದ ಸಂಕೇತ ಎಂದು ಹೇಳುವುದುಂಟು. ಡಾಕ್ಟರರೂ ಅದನ್ನೇ ಹೇಳುತ್ತಾರೆ: ಎಲ್‌ಡಿಎಲ್ ಕೆಟ್ಟದು, ಎಚ್‌ಡಿಎಲ್ ಒಳ್ಳೆಯದು. ಪ್ರಬಂಧಕಾರನ ಆಕ್ಷೇಪ ಇರುವುದು ಇಲ್ಲಿ. ಎರಡರೊಳಗೂ ಇರುವ ಕೊಲೆಸ್ಟ್ರಾಲ್ ಅಣು ಒಂದೇ. ಜೀವಕೋಶದ ಪೊರೆಗೆ, ಪಿತ್ತರಸಕ್ಕೆ, ವಿಟಮಿನ್ ಡಿಗೆ, ಹೆಣ್ಣುಗಂಡಿನ ಹಾರ್ಮೋನುಗಳಿಗೆಲ್ಲ ಬೇಕಾದದ್ದು ಅದೇ. ಒದೆಸಿಕೊಳ್ಳುವ ಚೆಂಡಿಗೆ ತಾನು ಯಾವ ಕಡೆಯದ್ದೆಂಬ ಅಭಿಮಾನವಿಲ್ಲ. ಎತ್ತ ಹೋಗುತ್ತಿದೆ ಎಂಬುದಷ್ಟೇ ಪ್ರಶ್ನೆ. ಎಲ್‌ಡಿಎಲ್ ಅದನ್ನು ಮೈಯೆಲ್ಲ ಹಂಚುತ್ತದೆ, ಹೆಚ್ಚಾದದ್ದು ರಕ್ತನಾಳದ ಗೋಡೆಗೆ ಹೊಕ್ಕು ಕೂರುತ್ತದೆ. ಎಚ್‌ಡಿಎಲ್ ಹೆಕ್ಕಿ ಯಕೃತ್ತಿಗೆ ಮರಳಿಸುತ್ತದೆ. ಹಾಗೆಂದು ಮರಳಿಸುವವರ ತಲೆ ಎಣಿಸಿ ಗೆದ್ದೆವೆನ್ನುವಂತಿಲ್ಲ. ಎಚ್‌ಡಿಎಲ್ ಏರಿಸಲೆಂದೇ ಮಾಡಿದ ಟಾರ್ಸೆಟ್ರಾಪಿಬ್ ಎಂಬ ಔಷಧ ಅದನ್ನು ಭರ್ಜರಿಯಾಗಿಯೇ ಏರಿಸಿತು. ಆದರೆ ಸೇವಿಸಿದವರಲ್ಲಿ ಸಾವು ಹೆಚ್ಚಾದ ಕಾರಣ 2006ರಲ್ಲಿ ಅದರ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಚೆಂಡನ್ನು ಹಿಡಿಯುವ ಕೈಗಳು ಮುಖ್ಯ ಎಂದು ತೋರಿಸಿದವರು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್. 1985ರ ನೊಬೆಲ್ ಅವರಿಗೆ ಬಂದದ್ದು ಅದಕ್ಕೇ. ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಗ್ರಾಹಕಗಳು ಯಕೃತ್ತಿನ ಮೈಮೇಲೆ ಇವೆ. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಪಡೆದು ಆ ಕೈಗಳೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಅವರ ಕೊಲೆಸ್ಟ್ರಾಲ್ 600ರ ಮೇಲೆ ಹೋಗುತ್ತದೆ, ಹೃದಯಾಘಾತ ಶಾಲೆಯ ವಯಸ್ಸಿನಲ್ಲೇ ಬರಬಹುದು. ಇಲ್ಲಿ ಪ್ರಬಂಧಕಾರ ಸ್ವಲ್ಪ ಹೊತ್ತು ಹಾಸ್ಯ ನಿಲ್ಲಿಸುತ್ತಾನೆ. ಒಬ್ಬರಿಂದ ಮಾತ್ರ ಆ ಜೀನ್ ಪಡೆದವರು ಇನ್ನೂ ಎಷ್ಟೋ ಹೆಚ್ಚು. ಮನೆಯಲ್ಲಿ ಯಾರಾದರೂ ನಲವತ್ತರ ಆಸುಪಾಸಿನಲ್ಲಿ ಎದೆ ಹಿಡಿದು ಕುಸಿದಿದ್ದರೆ ಉಳಿದವರ ರಕ್ತ ನೋಡಿಸುವುದು ಜಾತಕ ನೋಡಿಸುವುದಕ್ಕಿಂತ ತುರ್ತು.

ಆಹಾರ ಕಾಂಡದಲ್ಲಿ ಮುಖ್ಯ ಪಂಥ ತೆಂಗಿನೆಣ್ಣೆವಾದಿಗಳದ್ದು. "ನಮ್ಮ ಅಜ್ಜ ತೊಂಬತ್ತು ವರ್ಷ ತೆಂಗಿನೆಣ್ಣೆಯಲ್ಲೇ ಉಂಡದ್ದು ಮಾರಾಯ್ರೆ, ಎಂತ ಆಯಿತು ಅವರಿಗೆ?" ಎಂಬುದು ಅವರ ಮಹಾವಾಕ್ಯ. ಅಜ್ಜ ಏಳು ಮುಡಿ ಗದ್ದೆ ಉತ್ತದ್ದು, ಮೊಮ್ಮಗ ಪಕ್ಕದ ಅಂಗಡಿಗೂ ಸ್ಕೂಟರ್ ಏರುವುದು ಈ ವಾದದಲ್ಲಿ ಬರುವುದಿಲ್ಲ. ಅಜ್ಜನ ಓರಗೆಯವರಾಗಿ ಅದೇ ಎಣ್ಣೆ ಉಂಡು ಐವತ್ತಕ್ಕೇ ಹೋದವರೂ ಬರುವುದಿಲ್ಲ. ಅವರಿಗೆ ವಾದಿಸಲು ಮೊಮ್ಮಕ್ಕಳ ಜೊತೆ ಚಾವಡಿಯಲ್ಲಿ ಕೂರುವ ಯೋಗವಿರಲಿಲ್ಲ. ಇನ್ನು ಎಣ್ಣೆ ಬಾಟಲಿಯ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ಬರೆದಿರುತ್ತದಲ್ಲ, ಅದು ನೂರಕ್ಕೆ ನೂರು ಸತ್ಯ: ಕೊಲೆಸ್ಟ್ರಾಲ್ ಪ್ರಾಣಿಗಳ ಸೊತ್ತು, ತೆಂಗಿನ ಮರದಲ್ಲಿ ಹುಡುಕಿದರೂ ಲೆಕ್ಕಕ್ಕೆ ಸಿಗದು. ಮೊಲಕ್ಕೆ ಕೋಡಿಲ್ಲ ಎಂದು ಸಾಧಿಸಲು ನೈಯಾಯಿಕರು ಅಷ್ಟು ಓಲೆ ಖರ್ಚು ಮಾಡಿದರು. ಕಂಪೆನಿಗಳು ಒಂದು ಲೇಬಲಿನಲ್ಲಿ ಮುಗಿಸಿದವು. ಆದರೆ ತೆಂಗಿನೆಣ್ಣೆಯ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ಅಂಥ ಕೊಬ್ಬು ಯಕೃತ್ತಿನ ಆ ಕೈಗಳನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿಯಂಥ ಎಣ್ಣೆಗಳ ಎದುರು ಹೋಲಿಸಿದ ಪ್ರಯೋಗಗಳನ್ನು 2020ರಲ್ಲಿ ಒಟ್ಟುಗೂಡಿಸಿ ನೋಡಿದಾಗ ತೆಂಗಿನೆಣ್ಣೆ ಎಲ್‌ಡಿಎಲ್ಲನ್ನು ಸುಮಾರು 10 ಅಂಕ ಏರಿಸಿತ್ತು. ಹತ್ತೇ? ಹೌದು, ಹತ್ತೇ. ಪತ್ರೊಡೆಯ ಒಗ್ಗರಣೆಗೆ ಒಂದು ಚಮಚ ಹಾಕಿದವರನ್ನು ಗಲ್ಲಿಗೇರಿಸುವಷ್ಟಲ್ಲ, ಬಾಣಲೆ ತುಂಬ ಹೊಯ್ದು ನಿತ್ಯ ಕರಿಯುವಷ್ಟು ಔಷಧವೂ ಅಲ್ಲ.

ಮೊಲದ ಮಾತು ಬಂತು. 1913ರಲ್ಲಿ ರಷ್ಯಾದ ಅನಿಚ್ಕೊವ್ ಮೊಲಗಳಿಗೆ ಶುದ್ಧ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳ ದಪ್ಪಗಾದದ್ದನ್ನು ತೋರಿಸಿದರು. ಹುಲ್ಲು ತಿನ್ನುವ ಪ್ರಾಣಿಗೆ ಹಾಗಾಯಿತೆಂದ ಮಾತ್ರಕ್ಕೆ ಮನುಷ್ಯನಿಗೂ ಹಾಗೆಯೇ ಆಗಬೇಕೇ ಎಂದು ಅಂದಿನಿಂದ ಜಗಳ. ನಮ್ಮ ಮೈಯ ಕೊಲೆಸ್ಟ್ರಾಲಿನ ಬಹುಪಾಲನ್ನು ಮೈಯೇ ತಯಾರಿಸುತ್ತದೆ, ಊಟದಲ್ಲಿ ಹೆಚ್ಚಾದರೆ ಅಲ್ಲಿ ಕಡಿಮೆ ಮಾಡಿಕೊಳ್ಳುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದೆಂಬ ನಿಯಮವನ್ನು ಅಮೆರಿಕದವರು ತಮ್ಮ 2015ರ ಆಹಾರ ಸೂಚಿಯಲ್ಲಿ ಕೈಬಿಟ್ಟಾಗ ಊರ ಮೊಟ್ಟೆವಾದಿಗಳು ಆಮ್ಲೆಟ್ ಹಂಚಿದರೆಂದು ಐತಿಹ್ಯ. ಹೀಗೆ ಹಿಡಿದವರೆಲ್ಲರ ಮೊಲಕ್ಕೂ ಮೂರೇ ಕಾಲು. ನಾಲ್ಕನೆಯದು ಅನ್ನದ ಪಾತ್ರೆಯ ಹಿಂದೆ. ದೇಶದಾದ್ಯಂತ ನಡೆಸಿದ ಐಸಿಎಂಆರ್ ಸಮೀಕ್ಷೆಯ 2023ರ ವರದಿಯಂತೆ ವಯಸ್ಕರಲ್ಲಿ ನೂರಕ್ಕೆ 81.2 ಮಂದಿಯ ಕೊಬ್ಬಿನ ಲೆಕ್ಕದಲ್ಲಿ ಏನಾದರೊಂದು ಎಡವಟ್ಟು ಉಂಟು. ಭಾರತೀಯರ ವಿಶೇಷ ಲಕ್ಷಣವೆಂದರೆ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ. ಇದರಲ್ಲಿ ಮೂರು ಹೊತ್ತಿನ ಅನ್ನಕ್ಕೂ ಕುಳಿತ ಮೈಗೂ ದೊಡ್ಡ ಪಾಲಿದೆ. ಪೊಳಲಿ ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಕಲ್ಲಂಗಡಿ ಮಾತ್ರ ಸಕಲ ಪಂಥಗಳೂ ಒಪ್ಪಿದ ಏಕೈಕ ಪದಾರ್ಥ. ಸಕ್ಕರೆವಾದಿಗಳು ಆಮೇಲೆ ತಕರಾರು ತೆಗೆದರು, ಅದು ಬೇರೆ ಗ್ರಂಥ.

ಉಪಮಾನ ಪ್ರಮಾಣಕ್ಕೆ ಒಂದೇ ವಾಕ್ಯ ಸಾಕು: "ಬೆಳ್ತಂಗಡಿಯ ನಮ್ಮ ಭಾವನಿಗೆ 290 ಉಂಟಂತೆ, ಗಟ್ಟಿಮುಟ್ಟಾಗಿ ಅಡಿಕೆ ಮರ ಹತ್ತುತ್ತಾರೆ."

ಉಳಿದದ್ದು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ಇದರಲ್ಲಿ ಪೊಳಲಿಯವರಿಗೆ ಮೊದಲಿನಿಂದಲೂ ಅಭ್ಯಾಸ: ಜಾತ್ರೆ ಈ ವರ್ಷ ಎಷ್ಟು ದಿನ ಎಂಬುದು ಕೊಡಿ ಏರಿದ ಮೇಲೆ ಜೋಯಿಸರ ಮಾತಿನಿಂದಲೇ ತಿಳಿಯಬೇಕು. ಜೋಯಿಸರು ಹೇಳಿದ ದಿನವನ್ನು ಊರೆಲ್ಲ ಒಪ್ಪುತ್ತದೆ, ಯಾರೂ ಎರಡು ದಿನ ಕಡಿತ ಮಾಡಿ ಗಂಟು ಕಟ್ಟುವುದಿಲ್ಲ. ಡಾಕ್ಟರರು ರಾತ್ರಿಗೊಂದು ಮಾತ್ರೆ ಎಂದರೆ ಮಾತ್ರ ಮೂರನೆಯ ತಿಂಗಳು ಚೀಟಿಯಲ್ಲಿ ನಾರ್ಮಲ್ ಕಂಡದ್ದೇ ಮಾತ್ರೆಯನ್ನು ಬೀಳ್ಕೊಡುತ್ತೇವೆ. "ಈಗ ಕೊಲೆಸ್ಟ್ರಾಲ್ ಇಲ್ಲವಲ್ಲ, ಮತ್ತೆ ಯಾಕೆ?" ಮಾತ್ರೆ ಇರುವುದರಿಂದ ಇಲ್ಲ, ಮಾತ್ರೆ ಇಲ್ಲದಿದ್ದರೆ ಉಂಟು ಎಂಬ ಅನ್ವಯವ್ಯತಿರೇಕ ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ. ಆ ಜಾಗದಲ್ಲಿ ವಾಟ್ಸಪ್ಪಿನ ಆಪ್ತವಾಕ್ಯ ಬಂದು ಕೂರುತ್ತದೆ: ಬೆಳ್ಳುಳ್ಳಿ, ಬಿಸಿನೀರು, ಅರ್ಜುನ ಚಕ್ಕೆ.

ಸ್ಟಾಟಿನ್ ಎಂಬ ಆ ಮಾತ್ರೆಯ ಉತ್ಪತ್ತಿಯ ಕಥೆಯನ್ನಾದರೂ ಗಂಜಿ ಉಣ್ಣುವ ನಾವು ಗೌರವಿಸಬೇಕಿತ್ತು. ಜಪಾನಿನ ಅಕಿರಾ ಎಂಡೊ ಸುಮಾರು ಆರು ಸಾವಿರ ಬಗೆಯ ಬೂಷ್ಟುಗಳನ್ನು ಜಾಲಾಡಿ, ಕ್ಯೋಟೊದ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿ ಸಿಕ್ಕಿದ ಬೂಷ್ಟಿನಿಂದ ಮೊದಲ ಸ್ಟಾಟಿನ್ ತೆಗೆದರು. ಆಟಿಯ ಮಳೆಗೆ ನಮ್ಮಲ್ಲೂ ಅಕ್ಕಿಗೆ ಬೂಷ್ಟು ಹಿಡಿಯುತ್ತದೆ. ನಾವು ಅದನ್ನು ಕೋಳಿಗೆ ಹಾಕಿ, ಕೋಳಿಯನ್ನು ರೊಟ್ಟಿಗೆ ಹಾಕಿಕೊಂಡೆವು. ಇದೇ ಬಳಗದ ಲೊವಾಸ್ಟಾಟಿನ್ 1987ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1994ರಲ್ಲಿ ಹೃದ್ರೋಗವಿದ್ದ 4,444 ಸ್ಕ್ಯಾಂಡಿನೇವಿಯನ್ನರ ಪ್ರಯೋಗದಲ್ಲಿ ಸಿಮ್ವಾಸ್ಟಾಟಿನ್ ಸಾವನ್ನು ನೂರಕ್ಕೆ ಮೂವತ್ತರಷ್ಟು ಇಳಿಸಿತು. ಸ್ಟಾಟಿನ್‌ಗಳ ವ್ಯಾಪಾರದ ದುಡ್ಡಿನಲ್ಲಿ ಎಂಡೊ ಅವರಿಗೆ ಪಾಲು ಬರಲಿಲ್ಲ.

ಫಲಶ್ರುತಿ: ಈ ಪ್ರಬಂಧವನ್ನು ಖಾಲಿ ಹೊಟ್ಟೆಯಲ್ಲೇ ಓದಬೇಕೆಂಬ ನಿಯಮವಿಲ್ಲ. ಸಾಮಾನ್ಯ ತಪಾಸಣೆಗೆ ಉಪವಾಸ ಬೇಡವೆಂದು ಯುರೋಪಿನ ತಜ್ಞರೇ 2016ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಉಂಡು ಓದಬಹುದು, ಓದುತ್ತಾ ಉಣ್ಣಬಹುದು. ಟ್ರೈಗ್ಲಿಸರೈಡ್ 400 ದಾಟಿದವರು ಮಾತ್ರ ಮಾರನೆಯ ಬೆಳಿಗ್ಗೆ ಏನೂ ತಿನ್ನದೆ ಬಂದು ಇನ್ನೊಮ್ಮೆ ಮೊದಲಿನಿಂದ ಓದತಕ್ಕದ್ದು.